ಬೆಟ್ಟದ ಪಾದದಲ್ಲಿ ಕೂತವನ ಟಿಪ್ಪಣಿಗಳು

ಬೆಟ್ಟದ ಓಟಗಾರರು ಬೆಟ್ಟ ಹತ್ತುವಾಗ ಓಡುವುದಿಲ್ಲ, ನಡೆಯುತ್ತಾರೆ. ಅಂಗೈ ಎರಡನ್ನೂ ತೊಡೆಗೆ ಊರಿ, ಬೆನ್ನು ಬಾಗಿಸಿ, ತಲೆ ತಗ್ಗಿಸಿ ಒಂದೊಂದೇ ಹೆಜ್ಜೆ ಹಾಕುತ್ತಾರೆ. ದೂರದಿಂದ ನೋಡಿದರೆ ಬಿದ್ದುಹೋದ ಚಿಲ್ಲರೆ ಹುಡುಕುತ್ತಿದ್ದಾರೇನೋ ಅನ್ನಿಸಬೇಕು.

ನನ್ನ ತಂಗಿಯ ಮಗಳು ಇವರಲ್ಲಿ ಒಬ್ಬಳು. ಮೈಸೂರಿನ ಹೆಬ್ಬಾಳದ ಕೈಗಾರಿಕಾ ಪ್ರದೇಶದ ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾಳೆ. ಅವಳೂ ಅವಳಮ್ಮನೂ ನಮ್ಮ ಮಹಡಿ ಮನೆಯಲ್ಲೇ ಇರುವುದು. ಬೆಳಗಿನ ಜಾವ ಅವಳನ್ನು ಸ್ಕೂಟರಿನಲ್ಲಿ ಚಾಮುಂಡಿ ಬೆಟ್ಟದ ಪಾದಕ್ಕೆ ಕರೆದೊಯ್ದು, ಚೀಲ ಇಟ್ಟುಕೊಂಡು ಕೂರುವುದು ನಿವೃತ್ತನಾದ ನನ್ನ ಪಾಲಿಗೆ ಬಂದ ಕೆಲಸ. ಕೂತಲ್ಲಿ ಮಾಡಲು ಬೇರೇನೂ ಇಲ್ಲದ್ದರಿಂದ ಈ ಟಿಪ್ಪಣಿಗಳು.

‘ಓಡೋದು ಯಾವಾಗಮ್ಮ?’ ಎಂದು ಕೇಳಿದೆ.

‘ಓಡೋ ಹಾಗಿದ್ದ ಕಡೆ ಓಡೋದು ಮಾವ, ಮಿಕ್ಕ ಕಡೆ ನಡೆಯೋದು. ಏರು ಜಾಸ್ತಿ ಆದ್ರೆ ಓಡಿದ್ರೂ ಅಷ್ಟೇ, ನಡೆದ್ರೂ ಅಷ್ಟೇ. ಓಡಿದ್ರೆ ಎದೆಬಡಿತ ಏರುತ್ತೆ, ದೂರ ಏನೂ ಜಾಸ್ತಿ ಆಗಲ್ಲ.’

ಹಾಗಾದರೆ ಇದಕ್ಕೆ ಓಟದ ತರಬೇತಿ ಅಂತ ಯಾಕೆ ದುಡ್ಡು ಕಟ್ಟುತ್ತಾರೆ ಎಂದು ಕೇಳಬೇಕೆಂದುಕೊಂಡೆ. ಅಷ್ಟರಲ್ಲಿ ಅವಳು ಹೊರಟಾಗಿತ್ತು.

*

ಇವರ ಲೆಕ್ಕವೇ ಬೇರೆ. ಎಷ್ಟು ಕಿಲೋಮೀಟರ್ ಆಯಿತು ಎಂದು ನಾವು ಕೇಳಿದರೆ, ಎಷ್ಟು ಮೀಟರ್ ಏರಾಯಿತು ಎಂದು ಅವರು ಹೇಳುತ್ತಾರೆ. ಕೈಗಡಿಯಾರ ಅದನ್ನೂ ಕೂಡಿಸಿಡುತ್ತದೆ. ಏರಿಗೆ ಬೇರೆ ಲೆಕ್ಕ ಬೇಕು ಅನ್ನುವುದು ಹೊಸ ಮಾತೇನಲ್ಲ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲೇ ಒಂದು ಸೂತ್ರ ಬರೆದಿಟ್ಟಿದ್ದಾನೆ. ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 2000 ಅಡಿ ಏರಿಗೆ ಇನ್ನೊಂದು ಗಂಟೆ. ಇಷ್ಟು ವರ್ಷದ ಮೇಲೂ ಚಾರಣದವರು ಈ ಲೆಕ್ಕವನ್ನೇ ಹಿಡಿದು ಹೊರಡುವುದುಂಟು.

ನಮ್ಮ ಬೆಟ್ಟದ ಪಾದದಿಂದ ತುದಿಗೆ ಹೆಚ್ಚುಕಡಿಮೆ 250ರಿಂದ 300 ಮೀಟರ್ ಏರು. ಫ್ರಾನ್ಸಿನ ಶಮೊನಿಯಿಂದ ಹೊರಟು ಇಟಲಿ, ಸ್ವಿಟ್ಜರ್ಲೆಂಡ್ ಹಾದು ಮಾಂಟ್ ಬ್ಲಾಂಕ್ ಪರ್ವತಕ್ಕೆ ಪ್ರದಕ್ಷಿಣೆ ಹಾಕಿ ಮತ್ತೆ ಅಲ್ಲಿಗೇ ಬರುವ ಒಂದು ಓಟವಿದೆ. 2003ರಲ್ಲಿ ಶುರುವಾದದ್ದು. ದೂರ ಸುಮಾರು 170 ಕಿಲೋಮೀಟರ್, ಏರು ಸುಮಾರು 10,000 ಮೀಟರ್. ಅಂದರೆ ಚಾಮುಂಡಿ ಬೆಟ್ಟವನ್ನು ಒಂದೇ ಪಟ್ಟಿಗೆ ಮೂವತ್ತಕ್ಕೂ ಹೆಚ್ಚು ಸಲ ಹತ್ತಿ ಇಳಿದಂತೆ. ಕಟಲಾನ್ ಓಟಗಾರ ಕಿಲಿಯನ್ ಜೊರ್ನೆಟ್ 2022ರಲ್ಲಿ ಇದನ್ನು 20 ಗಂಟೆಯೊಳಗೆ ಮುಗಿಸಿದ. ಉಳಿದವರಿಗೆ 46 ಗಂಟೆಗೂ ಮಿಕ್ಕಿ ಸಮಯ ಕೊಡುತ್ತಾರೆ. ಎರಡು ರಾತ್ರಿ ನಿದ್ದೆ ಬಿಟ್ಟು ನಡೆಯುವವರೇ ಹೆಚ್ಚು. ಹುಡುಗಿಯ ಕೋಣೆಯ ಗೋಡೆಯ ಮೇಲೆ ಈ ದಾರಿಯ ನಕಾಶೆ ಅಂಟಿಸಿದೆ. ಪಕ್ಕದಲ್ಲಿ ಕಂಪನಿಯ ರಜಾಪಟ್ಟಿ.

*

ಆಷಾಢದ ಶುಕ್ರವಾರ ತರಬೇತಿ ಇಟ್ಟುಕೊಳ್ಳಬಾರದೆಂದು ಮೈಸೂರಿನ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಕೋಚ್ ಬೆಂಗಳೂರಿನವರು. ಪಟ್ಟಿಯಲ್ಲಿ ಶುಕ್ರವಾರಕ್ಕೆ ‘ಮೆಟ್ಟಿಲು’ ಎಂದು ಬರೆದು ಕಳಿಸಿದ್ದರು.

ದೊಡ್ಡ ದೇವರಾಜ ಒಡೆಯರ್ 17ನೆಯ ಶತಮಾನದಲ್ಲಿ ಕಟ್ಟಿಸಿದ ಬೆಟ್ಟದ ಸಾವಿರ ಮೆಟ್ಟಿಲಿನಲ್ಲಿ ಆ ದಿನ ಕಾಲಿಡಲು ಜಾಗವಿಲ್ಲ. ಹರಕೆ ಹೊತ್ತ ಹೆಂಗಸರು ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಾರೆ. ಅದನ್ನು ತುಳಿಯಬಾರದೆಂದು ನಮ್ಮ ಹುಡುಗಿ ಮೆಟ್ಟಿಲಿನ ಅಂಚು ಹಿಡಿದು, ಕೆಲವು ಕಡೆ ಪಕ್ಕದ ಬಂಡೆಯ ಮೇಲೆ ಕಾಲಿಟ್ಟು ಹೋದಳು. ಆಮೇಲೆ ಹೇಳಿದಳು, ಕೋಚ್ ಹೇಳಿಕೊಟ್ಟ ಎಷ್ಟೋ ಪಾದ ಚಳಕಕ್ಕಿಂತ ಆ ಒಂದು ಬೆಳಿಗ್ಗೆಯೇ ಹೆಚ್ಚು ಕಲಿಸಿತಂತೆ.

ನಂದಿಯ ಹತ್ತಿರ, ಅಂದರೆ ಏಳುನೂರನೆಯ ಮೆಟ್ಟಿಲಿನ ಆಸುಪಾಸಿನಲ್ಲಿ, ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿ ಬರಿಗಾಲಲ್ಲಿ ಬಂದ ಅಜ್ಜಿಯೊಬ್ಬರು ಅವಳನ್ನು ಹಿಂದೆ ಹಾಕಿದರಂತೆ. ಅಜ್ಜಿಗೆ ಎದೆಬಡಿತ ಎಷ್ಟಿತ್ತೋ ಗೊತ್ತಿಲ್ಲ. ಹುಡುಗಿಗೆ 171.

*

ಹತ್ತುವುದು ಕಷ್ಟ, ಇಳಿಯುವುದು ಸುಲಭ ಎಂದು ನಾನು ತಿಳಿದಿದ್ದೆ. ನೀವೂ ಹಾಗೇ ತಿಳಿದಿರುತ್ತೀರಿ. ಶಕ್ತಿಯ ಖರ್ಚು ಮಾತ್ರ ನೋಡಿದರೆ ಅದು ನಿಜವೂ ಹೌದು. ಆಲ್ಬರ್ಟೊ ಮಿನೆಟ್ಟಿ ಮತ್ತು ಸಂಗಡಿಗರು ಬೆಟ್ಟದ ಓಟಗಾರರನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ ಅಳೆದು 2002ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಶೇ 20ರ ಆಸುಪಾಸಿನ ಇಳಿಜಾರಿನಲ್ಲಿ ಓಡುವಾಗ ದೇಹ ಖರ್ಚು ಮಾಡುವ ಶಕ್ತಿ ಅತ್ಯಂತ ಕಡಿಮೆ.

ಆದರೆ ಬೆಟ್ಟ ಇಳಿದ ಎರಡನೆಯ ದಿನ ಅವಳು ನಮ್ಮ ಮಹಡಿಯಿಂದ ಇಳಿದು ಬರುವುದನ್ನು ನೋಡಬೇಕು. ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಹಿಂದುಮುಂದಾಗಿ, ಗೋಡೆಗೆ ಮುಖ ಮಾಡಿಕೊಂಡು ಇಳಿಯುತ್ತಾಳೆ. ಹತ್ತುವಾಗ ಸಲೀಸು. ಕಾರಣವನ್ನು ಅವಳೇ ವಿವರಿಸಿದಳು. ಹತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಹಿಗ್ಗುತ್ತಾ ಬ್ರೇಕ್ ಹಿಡಿಯುತ್ತದೆ. ಹಿಗ್ಗುತ್ತಲೇ ಭಾರ ತಡೆಯಬೇಕಾಗಿ ಬಂದಾಗ ಸ್ನಾಯುವಿನ ಎಳೆಗಳಲ್ಲಿ ಕಣ್ಣಿಗೆ ಕಾಣದ ಸೀಳುಗಳಾಗುತ್ತವೆ. ನೋವು ಅವತ್ತೇ ಬರುವುದಿಲ್ಲ. ಒಂದು ದಿನ ಬಿಟ್ಟು, ಕೆಲವೊಮ್ಮೆ ಎರಡು ದಿನ ಬಿಟ್ಟು ಜೋರಾಗುತ್ತದೆ. ಉಸಿರು ಕಟ್ಟದೆ, ಆರಾಮಾಗಿ ಇಳಿದೆ ಅಂದುಕೊಂಡವರಿಗೇ ಸೋಮವಾರ ಕಚೇರಿಯ ಮೆಟ್ಟಿಲಿನಲ್ಲಿ ಬಿಲ್ಲು ಬರುತ್ತದೆ.

ಇದರಲ್ಲಿ ಇನ್ನೊಂದು ಸೋಜಿಗ. ಒಂದು ಸಲ ಹೀಗೆ ನೋವು ತಿಂದ ಸ್ನಾಯು ಮುಂದಿನ ಕೆಲವು ವಾರ ಅದೇ ಇಳಿಜಾರಿಗೆ ಅಷ್ಟು ನೋಯುವುದಿಲ್ಲ. ಹಾಗಾಗಿ ಓಟಕ್ಕೆ ಮೊದಲು ಬೇಕೆಂದೇ ಕಾಲು ನೋಯಿಸಿಕೊಳ್ಳುವುದನ್ನು ಪಟ್ಟಿಯಲ್ಲೇ ಬರೆದಿರುತ್ತಾರೆ. ‘ಇಳಿಜಾರು, ಗಟ್ಟಿಯಾಗಿ’ ಎಂದು. ನನ್ನ ತಂಗಿ ಅದನ್ನು ಓದಿ, ‘ದುಡ್ಡು ಕೊಟ್ಟು ನೋವು ತರಿಸ್ಕೊಳ್ತಾಳಲ್ಲ ಇವಳು’ ಅಂದಳು. ನನ್ನ ಹತ್ತಿರ ಉತ್ತರವಿರಲಿಲ್ಲ.

*

ಮಂಗಳವಾರ, ಗುರುವಾರ ಕುಕ್ಕರಹಳ್ಳಿ ಕೆರೆ ಏರಿ. ಅವತ್ತು ‘ಸುಲಭದ ಓಟ’. ಮಾತಾಡುತ್ತಾ ಓಡಬೇಕು, ಒಂದು ಪೂರ್ತಿ ವಾಕ್ಯ ಹೇಳಲು ಆಗದಷ್ಟು ಏದುಸಿರು ಬಂದರೆ ವೇಗ ಇಳಿಸಬೇಕು. ಒಬ್ಬಳೇ ಓಡುವಾಗ ಯಾರ ಜೊತೆ ಮಾತಾಡುವುದು? ಫೋನಿನಲ್ಲಿ ಅಮ್ಮನ ಜೊತೆ. ತಂಗಿ ಇತ್ತ ತರಕಾರಿ ಹೆಚ್ಚುತ್ತಾ ಮದುವೆ ಮಾತು ತೆಗೆಯುತ್ತಾಳೆ, ಅತ್ತ ಎದೆಬಡಿತ ಏರುತ್ತದೆ. ಕೋಚ್ ಮಾರನೆಯ ದಿನ ಎದೆಬಡಿತದ ಗೆರೆ ನೋಡಿ, ‘ಮಧ್ಯದಲ್ಲಿ ಯಾಕೆ ಜೋರಾಗಿ ಓಡಿದಿರಿ?’ ಎಂದು ಕೇಳುತ್ತಾರೆ.

ಈ ನಿಧಾನ ಓಟ ನೋಡುವವರಿಗೆ ಅವಮಾನ ಅನ್ನಿಸುವಷ್ಟು ನಿಧಾನ. ಕೆರೆ ಏರಿಯ ಮೇಲೆ ಸ್ವೆಟರ್ ಹಾಕಿಕೊಂಡು ಬಿರುಸಾಗಿ ನಡೆಯುವ ನಿವೃತ್ತ ಅಧಿಕಾರಿಗಳಿದ್ದಾರೆ. ಅವರಲ್ಲಿ ಒಬ್ಬರು ಇವಳನ್ನು ದಾಟಿ ಮುಂದೆ ಹೋಗಿ, ತಿರುಗಿ ನೋಡಿ, ‘ಅಭ್ಯಾಸ ಮಾಡ್ತಾ ಮಾಡ್ತಾ ಬರುತ್ತಮ್ಮ, ಬಿಡಬೇಡ’ ಎಂದು ಧೈರ್ಯ ಹೇಳಿದರು. ಅವಳು ಹಿಂದಿನ ಭಾನುವಾರವಷ್ಟೇ ನಾಲ್ಕು ಗಂಟೆ ಬೆಟ್ಟದಲ್ಲಿದ್ದವಳು. ‘ಆಯ್ತು ಅಂಕಲ್’ ಅಂದಳು. ನನಗೆ ಕಂಡಂತೆ ಈ ತರಬೇತಿಯಲ್ಲಿ ಅತ್ಯಂತ ಕಷ್ಟದ ಪಾಠ ಇದೇ. ಕಾಲಿಗೆ ಶಕ್ತಿ ಇದ್ದೂ ತಡೆದುಕೊಳ್ಳುವುದು. ಜೋರಾಗಿ ಓಡು ಎಂದರೆ ಹದಿಹರೆಯದ ಹುಡುಗರೂ ಓಡುತ್ತಾರೆ. ನಿಧಾನವಾಗಿ ಓಡು ಎಂದರೆ ಒಂದು ವಾರ ಕೇಳಿ, ಎರಡನೆಯ ವಾರ ಗುಂಪು ಬಿಟ್ಟು ಹೋಗುತ್ತಾರೆ. ಅವಳ ಗುಂಪಿನಲ್ಲಿ ಬಿಟ್ಟುಹೋದವರಲ್ಲಿ ಹೆಚ್ಚಿನವರು ಗಾಯಾಳುಗಳು, ಗಾಯಾಳುಗಳಲ್ಲಿ ಹೆಚ್ಚಿನವರು ಅವಸರದವರು.

*

ಲೆಕ್ಕದವಳಾದ್ದರಿಂದ ಎಲ್ಲವನ್ನೂ ಎಕ್ಸೆಲ್ ಹಾಳೆಯಲ್ಲಿ ಬರೆದಿಡುತ್ತಾಳೆ. ಚೆನ್ನಾಗಿ ಆದ ದಿನಕ್ಕೆ ಹಸಿರು, ಆಗದ ದಿನಕ್ಕೆ ಕೆಂಪು. ಒಂದು ಸಂಜೆ ನನ್ನನ್ನೂ ಕೂರಿಸಿಕೊಂಡು ಹಾಳೆ ತೋರಿಸಿದಳು. ಅದೇ ಬೆಟ್ಟ, ಅದೇ ಶೂ, ಹಿಂದಿನ ರಾತ್ರಿ ಅದೇ ಅನ್ನ ಸಾರು, ಅಷ್ಟೇ ನಿದ್ದೆ. ಒಂದು ಬುಧವಾರ ಹಾರಿಕೊಂಡು ಹೋಗಿದ್ದಾಳೆ. ಮುಂದಿನ ಬುಧವಾರ ನಂದಿಯ ಹತ್ತಿರ ಕಟ್ಟೆಯ ಮೇಲೆ ಕೂತಿದ್ದಾಳೆ. ಟಿಪ್ಪಣಿ ಕಾಲಮ್ಮಿನಲ್ಲಿ ಕಾರಣ ಬರೆಯಬೇಕು. ಮೊದಮೊದಲು ‘ಸೆಕೆ’, ‘ಆಡಿಟ್’, ‘ಗಾಳಿ’ ಎಂದೆಲ್ಲ ಇದೆ. ಆಮೇಲೆ ಬರೀ ‘ಗೊತ್ತಿಲ್ಲ’. ಹಸಿರು ದಿನಗಳ ಎದುರಿಗೂ ‘ಗೊತ್ತಿಲ್ಲ’ ಎಂದೇ ಇರುವುದನ್ನು ನಾನು ಗಮನಿಸಿದೆ. ಬ್ಯಾಲೆನ್ಸ್ ಶೀಟಿನಲ್ಲಿ ಹೀಗೆ ಬರೆದರೆ ಕೆಲಸ ಹೋಗುತ್ತದೆ.

ಇನ್ನೊಂದು ಕಾಲಮ್ಮಿನಲ್ಲಿ ತಿಂಗಳಿಗೊಮ್ಮೆ ಒಂದು ಅಕ್ಷರ ಬರುತ್ತದೆ. ಅದೇನೆಂದು ನಾನು ಕೇಳಲಿಲ್ಲ.

*

ಕೆಂಪು ದಿನಗಳು ಸಾಲಾಗಿ ಬಂದಾಗ ಕೋಚ್ ರಕ್ತಪರೀಕ್ಷೆ ಮಾಡಿಸಲು ಹೇಳಿದರು. ಹಿಮೋಗ್ಲೋಬಿನ್ ಒಂದೇ ಅಲ್ಲ, ಫೆರಿಟಿನ್ ಕೂಡ. ದೇಹದ ಕಬ್ಬಿಣದ ಉಗ್ರಾಣದಲ್ಲಿ ಎಷ್ಟು ದಾಸ್ತಾನಿದೆ ಎಂದು ತಿಳಿಸುವ ಪರೀಕ್ಷೆ ಅದು. ದಾಸ್ತಾನು ತಳ ಕಂಡಿತ್ತು. ದೂರ ಓಡುವವರಲ್ಲಿ ಇದು ಮಾಮೂಲಂತೆ, ಹೆಂಗಸರಲ್ಲಿ ಇನ್ನೂ ಹೆಚ್ಚು. ಬೆವರಿನಲ್ಲಿ ಒಂದಿಷ್ಟು ಹೋಗುತ್ತದೆ, ಪಾದ ನೆಲಕ್ಕೆ ಅಪ್ಪಳಿಸುವಾಗ ಒಂದಿಷ್ಟು ಕೆಂಪು ರಕ್ತಕಣಗಳೇ ಒಡೆಯುತ್ತವೆ.

ವೈದ್ಯರು ಮಾತ್ರೆ ಬರೆದುಕೊಟ್ಟು, ಊಟ ತಿಂಡಿಯ ಜೊತೆ ಕಾಫಿ ಟೀ ಬೇಡ, ಕಬ್ಬಿಣ ಮೈಗೆ ಹತ್ತುವುದಿಲ್ಲ ಅಂದರು. ಮೈಸೂರಿನ ಮನೆಯಲ್ಲಿ ಇಡ್ಲಿ ತಿಂದು ಕಾಫಿ ಕುಡಿಯದೆ ಏಳುವುದೆಂದರೇನು! ಈಗ ನಮ್ಮಲ್ಲಿ ತಿಂಡಿ ಎಂಟಕ್ಕೆ, ಅವಳ ಕಾಫಿ ಒಂಬತ್ತೂವರೆಗೆ, ಕಚೇರಿಯಲ್ಲಿ. ತಿಂಡಿಯ ಜೊತೆ ನಿಂಬೆಹಣ್ಣಿನ ಪಾನಕ, ಅದು ಕಬ್ಬಿಣ ಹೀರಿಕೊಳ್ಳಲು ಒಳ್ಳೆಯದು. ನಾವು ಎದುರಿಗೆ ಕೂತು ಫಿಲ್ಟರ್ ಕಾಫಿ ಹೀರುವುದನ್ನು ನೋಡುತ್ತಾ ಅವಳು ಪಾನಕ ಕುಡಿಯುವ ಆ ಹತ್ತು ನಿಮಿಷವನ್ನೂ ತರಬೇತಿಯ ಲೆಕ್ಕಕ್ಕೇ ಹಾಕಬೇಕು.

*

ತಿನ್ನುವುದಕ್ಕೂ ಅಭ್ಯಾಸ ಬೇಕು ಎಂದಾಗ ನಾನು ತಮಾಷೆ ಅಂದುಕೊಂಡೆ. ನಮ್ಮ ಸ್ನಾಯುಗಳಲ್ಲಿ, ಪಿತ್ತಜನಕಾಂಗದಲ್ಲಿ ಶೇಖರವಾಗಿರುವ ಸಕ್ಕರೆಯಿಂದ ಸಿಗುವುದು ಸುಮಾರು 2000 ಕ್ಯಾಲರಿ. ಅವಳ ತೂಕದವರಿಗೆ ಸಮತಟ್ಟಿನಲ್ಲಿ ಅದು ಮೂವತ್ತು ಚಿಲ್ಲರೆ ಕಿಲೋಮೀಟರಿಗೆ ಸಾಕು. ಏರಿದ್ದರೆ ಅದಕ್ಕೂ ಮೊದಲೇ ಖಾಲಿ. ಕೊಬ್ಬು ಬೇಕಾದಷ್ಟಿದ್ದರೂ ಅದು ನಿಧಾನವಾಗಿ ಉರಿಯುವ ಸೌದೆ. ಆದ್ದರಿಂದ ಓಡುತ್ತಲೇ ತಿನ್ನಬೇಕು, ಗಂಟೆಗೆ ಐವತ್ತು ಅರವತ್ತು ಗ್ರಾಂ ಶರ್ಕರಪಿಷ್ಟ. ಬಾಳೆಹಣ್ಣಿನ ಲೆಕ್ಕದಲ್ಲಿ ಎರಡರಿಂದ ಎರಡೂವರೆ. ಓಡುವಾಗ ರಕ್ತವೆಲ್ಲ ಕಾಲಿಗೆ ಹೋಗಿರುತ್ತದೆ, ಹೊಟ್ಟೆ ಬೇಡ ಅನ್ನುತ್ತದೆ. ಅದನ್ನು ಒಪ್ಪಿಸುವುದೇ ಅಭ್ಯಾಸ.

ಅಂಗಡಿಯ ಜೆಲ್ ಒಂದು ಪೊಟ್ಟಣಕ್ಕೆ ನೂರು ರೂಪಾಯಿಯ ಮೇಲೆ. ಅಂಟು ಅಂಟು, ಬಾಯಿಯೆಲ್ಲ ಗಾಯದ ಮುಲಾಮು ಬಳಿದಂತೆ ಎಂದು ತಂಗಿಯ ತೀರ್ಪು. ಅವಳೇ ಅಡುಗೆಮನೆಯಲ್ಲಿ ಪ್ರಯೋಗಕ್ಕೆ ಇಳಿದಳು. ಕೋಡುಬಳೆ ಬಾಯಿ ಒಣಗಿಸಿತು. ಕಡಲೆಮಿಠಾಯಿ ಹಲ್ಲಿಗೆ ಅಂಟಿತು, ಅಗಿಯುತ್ತಾ ಓಡಿದರೆ ಉಸಿರು ತಪ್ಪಿತು. ಎಳ್ಳುಂಡೆ ಜೇಬಿನಲ್ಲೇ ಪುಡಿಯಾಯಿತು. ರವೆಉಂಡೆಯ ವಿಚಾರ ಬೇಡ. ಹುಣಸೆಹಣ್ಣು, ಬೆಲ್ಲ, ಉಪ್ಪು, ಜೀರಿಗೆ ಕುಟ್ಟಿದ ಉಂಡೆ ಗೆದ್ದಿತು. ಉಪ್ಪು ಹಾಕಿ ಬೇಯಿಸಿದ ಆಲೂಗಡ್ಡೆಯೂ ಆಗಬಹುದು. ಮೂರು ಗಂಟೆ ದಾಟಿದ ಮೇಲೆ ಸಿಹಿ ಕಂಡರೆ ಹೊಟ್ಟೆ ತೊಳೆಸುತ್ತದಂತೆ, ಆಗ ಗಟ್ಟಿ ಮೊಸರನ್ನದ ಎರಡು ಉಂಡೆ. ಈ ಪಟ್ಟಿ ಗುಂಪಿನವರಿಗೆಲ್ಲ ಹೋಗಿದೆ. ಉಂಡೆಯ ಬೇಡಿಕೆ ನಮ್ಮ ಮನೆಗೇ ಬರುತ್ತಿದೆ.

ನೀರು ಕಡಿಮೆ ಕುಡಿದರೆ ತೊಂದರೆ, ಸರಿ. ಹೆಚ್ಚು ಕುಡಿದರೂ ತೊಂದರೆ. ಬಾಯಾರಿಕೆ ಇಲ್ಲದೆಯೂ ಬರೀ ನೀರು ಸುರಿದುಕೊಳ್ಳುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆ ಗೊಂದಲವಾಗಿ, ಕೆಲವರು ಪ್ರಾಣಕ್ಕೇ ಎರವಾದದ್ದುಂಟು.

*

ಅವಳ ಎಡಗಾಲಿನ ಹೆಬ್ಬೆರಳಿನ ಉಗುರು ಮೊದಲು ನೇರಳೆಯಾಯಿತು, ಆಮೇಲೆ ಕಪ್ಪಾಯಿತು, ಒಂದು ಸಂಜೆ ಕಾಲುಚೀಲದ ಜೊತೆ ಬಂದುಬಿಟ್ಟಿತು. ಇಳಿಯುವಾಗ ಬೆರಳು ಶೂವಿನ ಮೂತಿಗೆ ಬಡಿಯುವುದರಿಂದ ಹೀಗಂತೆ. ಪಾದ ಊದುವುದರಿಂದ ಶೂ ಅರ್ಧ ಅಳತೆ ದೊಡ್ಡದೇ ಇರಬೇಕು. ಸೋದರಸಂಬಂಧಿಯ ಆರತಕ್ಷತೆಗೆ ಹೋಗಬೇಕಿತ್ತು. ಉಳಿದ ಒಂಬತ್ತು ಉಗುರಿಗೆ ಬಣ್ಣ ಹಚ್ಚಿ, ಹತ್ತನೆಯದಕ್ಕೆ ಉಗುರಿಲ್ಲದ ಚರ್ಮದ ಮೇಲೇ ಹಚ್ಚಿದಳು. ಯಾರಿಗೂ ಗೊತ್ತಾಗಲಿಲ್ಲ.

*

ಪಾಂಡವಪುರದ ಕುಂತಿ ಬೆಟ್ಟದಲ್ಲಿ ಕಾಲು ಉಳುಕಿತು. ಏರಿನಲ್ಲೂ ಅಲ್ಲ, ಬಂಡೆಯ ಮೇಲೂ ಅಲ್ಲ. ಎಲ್ಲ ಮುಗಿಸಿ ಕಾರಿನ ಕಡೆ ನಡೆಯುತ್ತಾ ಯಾರದೋ ಮಾತಿಗೆ ತಿರುಗಿದಾಗ.

ಬಂಧುಗಳೆಲ್ಲ ಉಳುಕು ತೆಗೆಯುವವರ ವಿಳಾಸ ಕೊಟ್ಟರು. ಅವಳು ಹೋದದ್ದು ಫಿಸಿಯೋಥೆರಪಿಗೆ. ಊತ ಇಳಿದ ಮೇಲೆ ಕೊಟ್ಟ ಮದ್ದು ವಿಚಿತ್ರ. ಒಂಟಿ ಕಾಲಿನಲ್ಲಿ ನಿಲ್ಲುವುದು. ಉಳುಕಿದ ಕಾಲಿಗೆ ತಾನು ಎಲ್ಲಿದ್ದೇನೆ, ಎಷ್ಟು ವಾಲಿದ್ದೇನೆ ಎಂಬ ಅರಿವು ಮಂಕಾಗಿರುತ್ತದೆ. ಆ ಅರಿವು ಮರಳದೆ ಓಡಿದರೆ ಮತ್ತೆ ಅಲ್ಲೇ ಉಳುಕುತ್ತದೆ. ಹಲ್ಲುಜ್ಜುವಾಗ ಒಂಟಿ ಕಾಲು. ಕುಕ್ಕರ್ ಮೂರು ಕೂಗು ಹಾಕುವ ತನಕ ಒಂಟಿ ಕಾಲು. ಅದು ಸಲೀಸಾದ ಮೇಲೆ ಕಣ್ಣು ಮುಚ್ಚಿಕೊಂಡು. ಕಣ್ಣು ಮುಚ್ಚಿದ ಕೂಡಲೇ ಪಾದ ಹೇಗೆ ಹೊಯ್ದಾಡುತ್ತದೆಂದು ನಾನು ಹತ್ತಿರ ಕೂತು ನೋಡಿದ್ದೇನೆ. ಕಣಕಾಲಿನ ಅಕ್ಕಪಕ್ಕದ ನರಗಳು ಒಂದಾದ ಮೇಲೊಂದು ಎದ್ದು ಬೀಳುತ್ತವೆ, ಬೆರಳುಗಳು ನೆಲವನ್ನು ಕಚ್ಚುತ್ತವೆ, ಮೇಲೆ ಅವಳ ಮುಖ ಮಾತ್ರ ಸುಮ್ಮನಿರುತ್ತದೆ. ನೀವೂ ಮಾಡಿ ನೋಡಬಹುದು, ಗೋಡೆ ಹತ್ತಿರ ಇರಲಿ.

ಓಡದಿದ್ದ ಆ ವಾರಗಳಲ್ಲಿ ಮನೆಯವರಿಗೆಲ್ಲ ಅವಳನ್ನು ಕಂಡರೆ ಭಯ.

*

ಬೆಟ್ಟದಲ್ಲಿ ನೂರು ಮೈಲಿ ಓಡುವ ಹುಚ್ಚು ಎಲ್ಲಿಂದ ಶುರುವಾಯಿತೆಂದು ಓದಲು ಹೋದರೆ ಅದಕ್ಕೊಂದು ಕುದುರೆ ಕಾರಣ. ಅಮೆರಿಕದ ಕ್ಯಾಲಿಫೋರ್ನಿಯಾದ ಬೆಟ್ಟಸಾಲಿನಲ್ಲಿ ಒಂದೇ ದಿನದಲ್ಲಿ ನೂರು ಮೈಲಿ ಸಾಗುವ ಕುದುರೆ ಸವಾರಿ ಪಂದ್ಯವೊಂದು ಇತ್ತು, ಈಗಲೂ ಇದೆ. ಗಾರ್ಡಿ ಐನ್ಸ್‌ಲೀ ಎಂಬವನ ಕುದುರೆ 1973ರಲ್ಲಿ ದಾರಿಯಲ್ಲೇ ಕುಂಟಿತು. ಮಾರನೆಯ ವರ್ಷ ಅವನು ಕುದುರೆಯೇ ಇಲ್ಲದೆ, ಕುದುರೆಗಳ ಜೊತೆಗೇ ಓಡಿ, 24 ಗಂಟೆಯೊಳಗೆ ಮುಗಿಸಿಬಿಟ್ಟ. ವೆಸ್ಟರ್ನ್ ಸ್ಟೇಟ್ಸ್ ಎಂಬ ನೂರು ಮೈಲಿ ಓಟ ಹುಟ್ಟಿದ್ದು ಹಾಗೆ. 24 ಗಂಟೆಯೊಳಗೆ ಮುಗಿಸಿದವರಿಗೆ ಇವತ್ತಿಗೂ ಕೊಡುವ ಬಹುಮಾನ ಸವಾರರು ಸೊಂಟಕ್ಕೆ ಕಟ್ಟುವ ಬೆಳ್ಳಿಯ ಬಕಲ್.

ಟೆನ್ನೆಸಿಯ ಬಾರ್ಕ್ಲಿ ಮ್ಯಾರಥಾನ್ಸ್ ಅಂತೂ ಇನ್ನೂ ಅತ್ತ. ಸಂಘಟಕ ಸಿಗರೇಟು ಹಚ್ಚಿದರೆ ಓಟ ಶುರು. ಕಾಡಿನಲ್ಲಿ ಅಲ್ಲಲ್ಲಿ ಪುಸ್ತಕ ಅಡಗಿಸಿಟ್ಟಿರುತ್ತಾರೆ. ಓಟಗಾರ ತನ್ನ ಎದೆಯ ಮೇಲಿನ ಸಂಖ್ಯೆಯ ಪುಟ ಹರಿದುಕೊಂಡು ಬಂದು ಸಾಕ್ಷಿ ಒಪ್ಪಿಸಬೇಕು. ಐದು ಸುತ್ತು, 60 ಗಂಟೆ. 2024ರಲ್ಲಿ ಬ್ರಿಟನ್ನಿನ ಜಾಸ್ಮಿನ್ ಪ್ಯಾರಿಸ್ ಗಡುವಿಗೆ 99 ಸೆಕೆಂಡು ಬಾಕಿ ಇದ್ದಾಗ ಗೇಟು ಮುಟ್ಟಿ ಕುಸಿದರು. ಅದನ್ನು ಪೂರ್ತಿ ಮುಗಿಸಿದ ಮೊದಲ ಮಹಿಳೆ ಅವರು. ವೃತ್ತಿಯಲ್ಲಿ ಪಶುವೈದ್ಯೆ, ಎರಡು ಮಕ್ಕಳ ತಾಯಿ. ಈ ಕಡೆಯ ಎರಡು ವಿವರಗಳನ್ನು ನನ್ನ ತಂಗಿಗೆ ಹೇಳಬೇಡವೆಂದು ಹುಡುಗಿ ಕೇಳಿಕೊಂಡಳು. ಮಕ್ಕಳಾದ ಮೇಲೂ ಓಡಬಹುದು ಎಂದು ಗೊತ್ತಾದರೆ ಮದುವೆ ಮುಂದೂಡಲು ಕಾರಣ ಉಳಿಯುವುದಿಲ್ಲ.

*

ಮಳೆಗಾಲದಲ್ಲಿ ಸಕಲೇಶಪುರದ ಕಡೆ ಪರಿಚಯದವರ ತೋಟಕ್ಕೆ ಹೋದೆವು. ಅವಳು ಹೆಸರು ಕೊಟ್ಟಿದ್ದ ಓಟ ಮಲೆನಾಡಿನ ಕಾಫಿ ತೋಟಗಳಲ್ಲೇ ನಡೆಯುವುದರಿಂದ ಆ ಕೆಸರು ಕಾಲಿಗೆ ರೂಢಿಯಾಗಬೇಕಿತ್ತು. ಮೈಸೂರಿನ ಒಣ ಬಂಡೆಯ ಮೇಲೆ ಕಲಿತದ್ದು ಅಲ್ಲಿ ನಡೆಯಲಿಲ್ಲ. ಪಾಚಿ ಕಟ್ಟಿದ ಕಲ್ಲು, ಕೊಳೆತ ಎಲೆಯ ಕೆಳಗೆ ಬೇರು. ಇಂಬಳಗಳು ಬೇರೆ. ಸುಣ್ಣ, ಹೊಗೆಸೊಪ್ಪು, ಉಪ್ಪಿನ ಗಂಟು ಎಲ್ಲ ಇದ್ದರೂ ಕಾಲುಚೀಲ ತೆಗೆದಾಗ ಕಣಕಾಲಿನ ಸುತ್ತ ಕಾಲ್ಗೆಜ್ಜೆ ಹಾಕಿದ ಜಾಗದಲ್ಲೇ ಸಾಲಾಗಿ ಕೂತಿದ್ದವು. ಬಿಡಿಸಿದ ಮೇಲೂ ರಕ್ತ ನಿಲ್ಲುವುದಿಲ್ಲ. ಹೆಪ್ಪುಗಟ್ಟದ ಹಾಗೆ ಮಾಡುವ ವಸ್ತುವೊಂದು ಅವುಗಳ ಜೊಲ್ಲಿನಲ್ಲಿದೆ.

ಆನೆಯ ಕಾರಣಕ್ಕೆ ಬೆಳಕು ಹರಿಯುವ ಮೊದಲು ಹೊರಡುವಂತಿಲ್ಲ. ಆನೆ ಕಾರ್ಯಪಡೆಯವರ ಸಂದೇಶ ತೋಟದವರ ಫೋನಿಗೆ ಬರುತ್ತದೆ, ಯಾವ ತೋಟದಲ್ಲಿ ಗುಂಪಿದೆ, ಯಾವ ಕಡೆ ಹೊರಟಿದೆ ಎಂದು. ಅದನ್ನು ನೋಡಿಯೇ ಅವತ್ತಿನ ದಾರಿ. ಕಿವಿಗೆ ಹಾಡು ಸಿಕ್ಕಿಸಿಕೊಳ್ಳುವಂತಿಲ್ಲ.

ಗೇಟಿನ ಹತ್ತಿರ ಕೆಸರು ಮೆತ್ತಿಕೊಂಡು ಓಡಿ ಬಂದವಳನ್ನು ನೋಡಿ ತೋಟದ ರೈಟರು ಗಾಬರಿಯಾಗಿ, ‘ಏನಾಯ್ತಮ್ಮಾ, ಅಟ್ಟಿಸ್ಕಂಡು ಬಂತಾ?’ ಎಂದರು. ಇಲ್ಲ, ಸುಮ್ಮನೆ ಓಡಿದ್ದು ಎಂದಳು. ರೈಟರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ನಮ್ಮಿಬ್ಬರಿಗೆ ಅಷ್ಟರಲ್ಲೇ ಸ್ನೇಹವಾಯಿತು.

*

ಕುಮಾರ ಪರ್ವತಕ್ಕೆ ಹೋಗಬೇಕೆಂದು ಆಸೆ. 1,712 ಮೀಟರ್ ಎತ್ತರ, ಕುಕ್ಕೆಯಿಂದ ಹತ್ತಿದರೆ ಒಂದೇ ಏಟಿಗೆ ಸಿಗುವ ಏರು ಮೈಸೂರಿನ ಸುತ್ತ ಎಲ್ಲೂ ಇಲ್ಲ. ಆದರೆ 2024ರ ಜನವರಿಯಲ್ಲಿ ರಜೆಯ ಸಮಯಕ್ಕೆ ಅಲ್ಲಿ ಜನಜಾತ್ರೆಯಾಗಿ, ಆ ಚಿತ್ರಗಳು ಎಲ್ಲ ಕಡೆ ಹರಿದಾಡಿದ ಮೇಲೆ ಸರ್ಕಾರ ಚಾರಣ ನಿಲ್ಲಿಸಿ, ಆಮೇಲೆ ಆನ್‌ಲೈನ್ ಬುಕಿಂಗ್ ಮತ್ತು ದಿನಕ್ಕೆ 300 ಜನರ ಮಿತಿ ತಂದಿತು. ಓಟಗಾರರ ಗುಂಪಿನಲ್ಲಿ ಇದಕ್ಕೆ ಗೊಣಗಾಟವಿದೆ. ನನಗೆ ಮಿತಿ ಸರಿ ಎನಿಸುತ್ತದೆ. ನಮ್ಮ ಕಾಲಿಗೆ ತರಬೇತಿ ಕೊಡುವುದು ಕಾಡಿನ ಕೆಲಸವಲ್ಲ.

*

ಮೂವತ್ತು ಡಿಗ್ರಿ ಬಿಸಿಲಿನಲ್ಲೂ ಬೆನ್ನ ಚೀಲದಲ್ಲಿ ಮಳೆಯಂಗಿ, ಸೀಟಿ, ಹಣೆದೀಪ, ಬೆಳ್ಳಿಯ ಬಣ್ಣದ ತೆಳ್ಳನೆಯ ಹೊದಿಕೆ. ಇದೇನು ಶೋಕಿ ಎಂದು ಛೇಡಿಸಿದ್ದಕ್ಕೆ ಅವಳು ನಗಲಿಲ್ಲ. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತದಲ್ಲಿ ನೂರು ಕಿಲೋಮೀಟರಿನ ಬೆಟ್ಟದ ಓಟ ನಡೆಯುತ್ತಿದ್ದಾಗ ಮಧ್ಯಾಹ್ನ ಇದ್ದಕ್ಕಿದ್ದಂತೆ ಹವೆ ಕೆಟ್ಟು, ಗಾಳಿ, ಮಳೆ, ಆಲಿಕಲ್ಲು ಶುರುವಾಯಿತು. ಚಡ್ಡಿ ಬನೀನಿನಲ್ಲಿದ್ದ 21 ಓಟಗಾರರು ಚಳಿಗೆ ಸತ್ತರು. ಅವರಲ್ಲಿ ಆ ದೇಶದ ಅತ್ಯುತ್ತಮರೂ ಇದ್ದರು. ಮುಂದೆ ಇದ್ದವರು ಎಲ್ಲರಿಗಿಂತ ಎತ್ತರದ, ಬಯಲಾದ ಜಾಗಕ್ಕೆ ಮೊದಲು ತಲುಪಿದ್ದರು. ಹತ್ತಿರದ ಗುಹೆಯೊಂದರಲ್ಲಿ ಮಳೆಗೆ ನಿಂತಿದ್ದ ಕುರಿ ಕಾಯುವವನೊಬ್ಬ ಆರು ಜನರನ್ನು ಎಳೆದು ತಂದು ಬೆಂಕಿ ಕಾಯಿಸಿ ಉಳಿಸಿದ.

ಆಮೇಲೆ ನಾನು ಆ ಚೀಲದ ವಿಷಯ ಎತ್ತಿಲ್ಲ. ಹೊರಡುವ ಮೊದಲು ಹೊದಿಕೆ ಇದೆಯೇ ಎಂದು ನಾನೇ ಮುಟ್ಟಿ ನೋಡುತ್ತೇನೆ.

*

ಓಟಕ್ಕೆ ಎರಡು ವಾರ ಮೊದಲು ತರಬೇತಿ ಇಳಿಸುತ್ತಾರೆ. ಕಾಲಿಗೆ ಬಿಡುವು, ತಲೆಗೆ ಕೆಲಸ. ಆ ಎರಡು ವಾರ ಅವಳಿಗೆ ಇಲ್ಲದ ಮಂಡಿನೋವು, ಇಲ್ಲದ ಜ್ವರ, ಇಲ್ಲದ ಗಂಟಲು ಕೆರೆತ. ಯಾರಾದರೂ ಸೀನಿದರೆ ಕೋಣೆ ಬಿಟ್ಟು ಹೋಗುತ್ತಾಳೆ. ದಿನಕ್ಕೆ ಹಲವು ಸಲ ಓಟ ನಡೆಯುವ ಚಿಕ್ಕಮಗಳೂರಿನ ಹವಾಮಾನ ನೋಡುತ್ತಾಳೆ. ನೋಡಿ ಮಾಡುವುದೇನೂ ಇಲ್ಲ.

*

ಓಟದ ದಿನದ ಬಗ್ಗೆ ಹೆಚ್ಚು ಬರೆಯಲು ಇಲ್ಲ. ಕ್ರಿಕೆಟ್ಟಿನಂತೆ ಕೂತು ನೋಡುವ ಆಟವಲ್ಲ ಇದು. ಕತ್ತಲಲ್ಲಿ ಹಣೆದೀಪಗಳು ಹೋದವು, ಹೋಗಿ ಕಾಫಿ ಗಿಡಗಳ ನಡುವೆ ಮರೆಯಾದವು, ಅಷ್ಟೇ. ಮಿಕ್ಕ ಹೊತ್ತೆಲ್ಲ ನಾವು ಮನೆಯವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಚಿತ್ರಾನ್ನ ತಿಂದೆವು. ಐವತ್ತು ಕಿಲೋಮೀಟರ್ ಮುಗಿಸಿ ಅವಳು ಬಂದಾಗ ಗಡುವಿಗೆ ಇನ್ನೂ ಸಮಯವಿತ್ತು. ಮಧ್ಯದಲ್ಲಿ ಒಂದು ಕಡೆ ವಾಂತಿಯಾಗಿದೆ, ಎರಡು ಕಡೆ ಬಿದ್ದಿದ್ದಾಳೆ, ಕೊನೆಯ ಇಳಿಜಾರಿನಲ್ಲಿ ಹಲವರನ್ನು ಹಿಂದೆ ಹಾಕಿದ್ದಾಳೆ. ಕಾಲು ಹೇಗಿದೆ ಎಂದು ನಾನು ಕೇಳಿದೆ. ‘ಕಾಲು ಸರಿ ಇದೆ ಮಾವ. ಒಂದು ತೋಟದಲ್ಲಿ ನಾಯಿ ಬಂತು ನೋಡಿ, ಆವಾಗಲೇ ಜೀವ ಬಾಯಿಗೆ ಬಂದಿದ್ದು’ ಅಂದಳು.

ಹಾಳೆಯಲ್ಲಿ ಆ ದಿನಕ್ಕೆ ಹಸಿರು ಬಣ್ಣ ಬಿದ್ದಿದೆ. ಕಾರಣದ ಜಾಗ ಖಾಲಿ. ಯಾಕೆ ಓಡುತ್ತಾರೆ ಎನ್ನುವುದು ನನಗೆ ಈಗಲೂ ಗೊತ್ತಾಗಿಲ್ಲ, ಗೊತ್ತಾಗಲೇಬೇಕು ಎಂಬ ಹಟವೂ ಈಗ ಇಲ್ಲ. ತೋಟದ ಕಡೆಯ, ಬೆಟ್ಟದ ಊರುಗಳ ಓದುಗರಲ್ಲಿ ಒಂದೇ ಮನವಿ. ನಿಮ್ಮ ದಾರಿಯಲ್ಲಿ ಓಟವಿದೆ ಎಂದು ಯಾರಾದರೂ ತಿಳಿಸಲು ಬಂದರೆ, ಎಲ್ಲಿಗೆ, ಯಾಕೆ ಎಂದು ಆಮೇಲೆ ಕೇಳಬಹುದು. ಆ ಒಂದು ದಿನ ದಯವಿಟ್ಟು ನಾಯಿ ಕಟ್ಟಿಹಾಕಿ.